ಮೇಲಿನ ಹೊಲ, ಕೆಳಗಿನ ಹೊಲ: ಎಂಟು ಎಕರೆ ತೊಗರಿಯಲ್ಲಿ ರಂಜಕದ ಲೆಕ್ಕ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ನಮ್ಮ ಕಾಕಾನಿಗೆ ಎಂಟು ಎಕರೆ ಎರೆ ಹೊಲ ಇದೆ. ಬೋರ್‌ವೆಲ್ ಇಲ್ಲ, ಕಾಲುವೆ ಇಲ್ಲ, ಮಳೆ ನಂಬಿದ ಬೇಸಾಯ. ಮುಂಗಾರಿಗೆ ತೊಗರಿ, ಸಾಲುಗಳ ನಡುವೆ ಒಂದಷ್ಟು ಹೆಸರು. ಈ ಹೊಲಕ್ಕೆ ವರ್ಷಕ್ಕೆ ಹನ್ನೆರಡು ಚೀಲ ಡಿಎಪಿ, ಅಂದರೆ ರಂಜಕ (ಫಾಸ್ಫರಸ್) ಮತ್ತು ಸಾರಜನಕ ಕೊಡುವ ಗೊಬ್ಬರ, ಬೀಳುತ್ತಿತ್ತು. ಅಂದರೆ ಎಕರೆಗೆ ಒಂದೂವರೆ ಚೀಲ. ಬಿತ್ತುವಾಗ ಒಂದು, ಎಡೆ ಹೊಡೆದ ಮೇಲೆ ಕೈಯಿಂದ ಚೆಲ್ಲಿ ಅರ್ಧ.

2024ರ ಮುಂಗಾರಿಗೆ ಅಷ್ಟು ಡಿಎಪಿ ಸಿಗಲಿಲ್ಲ. ಮಳೆ ಆಗಿತ್ತು, ನೆಲ ಹದಕ್ಕೆ ಬಂದಿತ್ತು, ಗೊಬ್ಬರದ ಅಂಗಡಿ ಮುಂದೆ ಪಾಳಿ ಹಚ್ಚಿದ ಚಪ್ಪಲಿಗಳು. ಸಿಕ್ಕರೂ ಒಬ್ಬರಿಗೆ ಎರಡು ಚೀಲ, ಅದರ ಜೊತೆಗೆ ಬೇಡವಾದ ಒಂದು ಬಾಟಲಿ ಔಷಧಿಯನ್ನೂ ತಗೋಬೇಕು ಅಂತ ಅಂಗಡಿಯವರ ಷರತ್ತು. ಕಾಕಾ ನಾಲ್ಕು ಚೀಲ ಹೊಂದಿಸಿಕೊಂಡು ಬಂದರು. ಉಳಿದ ಎಂಟು ಚೀಲಕ್ಕೆ ಏನು ಮಾಡುವುದು ಅಂತ ನನಗೆ ಫೋನ್ ಮಾಡಿದರು. ನಾನು ಕಲಬುರಗಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೀಗಾಗಿ ಗೊಬ್ಬರದ ವಿಷಯ ಬಂದರೆ ಮನೆಯಲ್ಲಿ ನನ್ನನ್ನೇ ಕೇಳುತ್ತಾರೆ.

ಅದೃಷ್ಟಕ್ಕೆ ಮೇ ತಿಂಗಳಲ್ಲೇ ಮಣ್ಣಿನ ಪರೀಕ್ಷೆಗೆ ಕೊಟ್ಟಿದ್ದೆವು. ವರದಿ ಮನೆಯಲ್ಲಿ ದೇವರ ಫೋಟೋ ಹಿಂದೆ ಸಿಕ್ಕಿಸಿಟ್ಟಿತ್ತು, ಯಾರೂ ಓದಿರಲಿಲ್ಲ. ಈ ಬರಹ ಆ ವರದಿಯಿಂದ ಶುರುವಾಗಿ ಮುಂದಿನ ಸುಗ್ಗಿವರೆಗೆ ನಡೆದದ್ದರ ಪೂರ್ತಿ ಲೆಕ್ಕ.

ಹೊಲ ಹೇಗಿದೆ

ಎಂಟು ಎಕರೆ ಅಂದರೂ ಅದು ಒಂದೇ ಥರದ ಹೊಲ ಅಲ್ಲ. ದಾರಿ ಪಕ್ಕದ ಮೂರು ಎಕರೆ ಎತ್ತರದಲ್ಲಿದೆ, ಇಳಿಜಾರು ಇದೆ. ಮಣ್ಣು ಮೊಳಕೈ ಆಳಕ್ಕಿಂತ ಜಾಸ್ತಿ ಇಲ್ಲ, ಅಗೆದರೆ ಬಿಳಿ ಸುಣ್ಣದ ಹರಳು ಸಿಗುತ್ತದೆ. ಅದು ಮೇಲಿನ ಹೊಲ. ಅದರ ಕೆಳಗೆ ಐದು ಎಕರೆ ಕೆಳಗಿನ ಹೊಲ. ಅಲ್ಲಿ ಕಪ್ಪು ಮಣ್ಣು ಆಳವಾಗಿದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ದೊಡ್ಡ ಬಿರುಕು ಬಿಡುತ್ತದೆ. ಎರಡಕ್ಕೂ ಬೀಳುತ್ತಿದ್ದ ಗೊಬ್ಬರ ಒಂದೇ. ಎರಡರ ಇಳುವರಿ ಮಾತ್ರ ಎಂದೂ ಒಂದೇ ಇರಲಿಲ್ಲ. ಮೇಲಿನದು ಬಡ ಹೊಲ ಅಂತ ಮನೆಯವರೆಲ್ಲ ಒಪ್ಪಿಕೊಂಡು ಬಿಟ್ಟಿದ್ದರು.

ಮಣ್ಣು ತೆಗೆಯುವಾಗ ಎರಡು ಹೊಲಕ್ಕೂ ಬೇರೆ ಬೇರೆ ಚೀಲ ಮಾಡಿದ್ದೆವು. ಇದೊಂದನ್ನು ಬಹಳ ಜನ ಮಾಡುವುದಿಲ್ಲ. ಒಂದು ಸರ್ವೆ ನಂಬರಿಗೆ ಒಂದು ಚೀಲ ಅಂತ ತುಂಬಿ ಕಳಿಸುತ್ತಾರೆ. ಆಗ ಬರುವ ಅಂಕಿ ಎರಡು ಹೊಲದ ಸರಾಸರಿ ಆಗಿರುತ್ತದೆ, ಯಾವ ಹೊಲಕ್ಕೂ ಸರಿಹೊಂದುವುದಿಲ್ಲ. ನಾವು ಒಂದೊಂದು ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಕಡೆ ಆರು ಇಂಚು ಆಳಕ್ಕೆ ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೋಡಿದೆವು. ಗುಂಡಿಯ ಬದಿಯಿಂದ ಒಂದು ತೆಳು ಹೋಳು ಮಣ್ಣು ಕೆತ್ತಿ ತೆಗೆದೆವು. ಒಡ್ಡಿನ ಹತ್ತಿರ, ಬೇವಿನ ಮರದ ಬುಡದಲ್ಲಿ, ತಿಪ್ಪೆ ಇದ್ದ ಜಾಗದಲ್ಲಿ ತೆಗೆಯಲಿಲ್ಲ. ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ ಎದುರು ಬದುರಿನ ಎರಡು ಪಾಲು ಬಿಟ್ಟು, ಮತ್ತೆ ಹಾಗೇ ಮಾಡಿ ಅರ್ಧ ಕೆಜಿಗೆ ಇಳಿಸಿದೆವು.

ವರದಿ ಹೀಗಿತ್ತು. ಎರಡೂ ಹೊಲದಲ್ಲಿ ರಸಸಾರ, ಅಂದರೆ ಪಿಎಚ್, 8ಕ್ಕಿಂತ ಮೇಲೆ. ಸಾವಯವ ಇಂಗಾಲ ಕಡಿಮೆ. ಪೊಟ್ಯಾಷ್ ಧಾರಾಳ, ಎರೆ ಮಣ್ಣಿನಲ್ಲಿ ಅದು ಸಹಜ. ಸತು ಮತ್ತು ಗಂಧಕ ಎರಡೂ ಕಡೆ ಕಡಿಮೆ. ರಂಜಕ ಮಾತ್ರ ಎರಡು ಹೊಲದಲ್ಲಿ ಪೂರ್ತಿ ಬೇರೆ. ಕೆಳಗಿನ ಹೊಲದಲ್ಲಿ ಹೆಕ್ಟೇರಿಗೆ 71 ಕೆಜಿ, ಮೇಲಿನದರಲ್ಲಿ 18 ಕೆಜಿ. ನಮ್ಮ ರಾಜ್ಯದ ಪ್ರಯೋಗಾಲಯಗಳ ಲೆಕ್ಕದಲ್ಲಿ (ಅದು ಪಿ2ಒ5 ಲೆಕ್ಕ, ಅದೇನು ಅಂತ ಮುಂದೆ ಬರುತ್ತದೆ) ಸುಮಾರು 23ಕ್ಕಿಂತ ಕೆಳಗಿದ್ದರೆ ಕೊರತೆ, 57 ದಾಟಿದರೆ ಹೆಚ್ಚು. ಒಂದೇ ಕೈಯಿಂದ ಒಂದೇ ಚೀಲದ ಗೊಬ್ಬರ ಉಂಡ ಎರಡು ಹೊಲ. ಒಂದಕ್ಕೆ ಸಾಲದು, ಇನ್ನೊಂದಕ್ಕೆ ಜಾಸ್ತಿ.

"ಅದ್ಹೆಂಗ ಆಗ್ತದ ತಮ್ಮಾ? ಎರಡಕ್ಕೂ ನಾನೇ ಹಾಕೀನಿ" ಅಂದರು ಕಾಕಾ.

ಹೋದ ರಂಜಕದ ಲೆಕ್ಕ

ಉತ್ತರ ಹುಡುಕೋಕೆ ಒಂದು ಜಮಾ-ಖರ್ಚು ಬರೆದೆವು. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ, ಯಾರು ಬೇಕಾದರೂ ತಮ್ಮ ಹೊಲಕ್ಕೆ ಬರೆದುಕೊಳ್ಳಬಹುದು.

ಡಿಎಪಿ ಚೀಲದ ಮೇಲೆ 18-46-0 ಅಂತ ಇರುತ್ತದೆ, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟೆಷ್ಟು ಅಂತ. 46 ಅನ್ನುವುದು ಶುದ್ಧ ರಂಜಕ ಅಲ್ಲ, ಆಮ್ಲಜನಕ ಸೇರಿದ ಪಿ2ಒ5 ಲೆಕ್ಕ. 50 ಕೆಜಿ ಚೀಲದಲ್ಲಿ 23 ಕೆಜಿ ಪಿ2ಒ5 ಇರುತ್ತದೆ. ಅದನ್ನು 0.44ರಿಂದ ಗುಣಿಸಿದರೆ ಹತ್ತು ಕೆಜಿ ರಂಜಕ. ಅಂದರೆ ಕಾಕಾ ಎಕರೆಗೆ ವರ್ಷಕ್ಕೆ ಹದಿನೈದು ಕೆಜಿ ರಂಜಕ ಹಾಕುತ್ತಿದ್ದರು. ಎಂಟು ಎಕರೆಗೆ 120 ಕೆಜಿ.

ಇನ್ನು ಹೊಲ ಬಿಟ್ಟು ಹೋಗುವುದು. ನೂರು ಗ್ರಾಂ ತೊಗರಿ ಕಾಳಿನಲ್ಲಿ ಸುಮಾರು 370 ಮಿಲಿಗ್ರಾಂ ರಂಜಕ ಇರುತ್ತದೆ. ಒಂದು ಕ್ವಿಂಟಾಲಿಗೆ ಮೂರೂಮುಕ್ಕಾಲು ನೂರು ಗ್ರಾಂ ಅಂತ ಇಟ್ಟುಕೊಳ್ಳಿ. ಎಕರೆಗೆ ಐದು ಕ್ವಿಂಟಾಲ್ ಬಂದರೂ ಕಾಳಿನ ಜೊತೆ ಹೋಗುವುದು ಎರಡು ಕೆಜಿಗಿಂತ ಕಡಿಮೆ. ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ ಹೋಗುತ್ತದೆ. ಅದನ್ನು ಸೇರಿಸಿದರೂ ಮೂರು ಕೆಜಿ ದಾಟುವುದು ಕಷ್ಟ. ತೊಗರಿ ಎಲೆ ಎಲ್ಲ ಉದುರಿ ಹೊಲದಲ್ಲೇ ಬೀಳುತ್ತದೆ.

ಹದಿನೈದು ಒಳಗೆ, ಮೂರು ಹೊರಗೆ. ಉಳಿದ ಹನ್ನೆರಡು ಎಲ್ಲಿ?

ಈ ಪ್ರಶ್ನೆ ಕೇಳಿದಾಗ ಕಾಕಾ ಸುಮ್ಮನೆ ಕೂತರು. ಕಾಕಿ ಲೆಕ್ಕವನ್ನು ಹತ್ತು ವರ್ಷಕ್ಕೆ ಗುಣಿಸಿ, ಡಿಎಪಿ ಚೀಲದ 1,350 ರೂಪಾಯಿ ದರದಲ್ಲಿ ಎಷ್ಟಾಯಿತು ಅಂತ ಬೆರಳೆಣಿಸಿ ನೋಡುತ್ತಿದ್ದರು. ಮನೆಯ ದುಡ್ಡು ಅವರ ಕೈಯಲ್ಲಿರುತ್ತದೆ.

ಉಳಿದದ್ದು ಎರಡು ದಾರಿ ಹಿಡಿದಿರುತ್ತದೆ. ಮೊದಲನೆಯದು ಸುಣ್ಣ. ಎರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಕಾಲೇಜಿನಿಂದ ಸ್ವಲ್ಪ ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲ ತಂದು ಮೇಲಿನ ಹೊಲದ ಹೆಂಟೆ ಮೇಲೆ ನಾಲ್ಕು ಹನಿ ಬಿಟ್ಟೆ. ಬುಸುಬುಸು ಅಂತ ನೊರೆ ಎದ್ದಿತು, ಸುಣ್ಣ ಇರುವ ಗುರುತು ಅದು. ಕೆಳಗಿನ ಹೊಲದ ಮಣ್ಣಿಗೆ ಬಿಟ್ಟರೆ ನೊರೆ ಕಡಿಮೆ, ಕಿವಿ ಹತ್ತಿರ ಹಿಡಿದರೆ ಸದ್ದು ಕೇಳುವಷ್ಟು. ಡಿಎಪಿ ಹರಳು ತೇವದಲ್ಲಿ ಕರಗಿ ಫಾಸ್ಫೇಟ್ ಹೊರಬಂದ ಕೂಡಲೇ ಅಲ್ಲೇ ಇರುವ ಕ್ಯಾಲ್ಸಿಯಂ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ಡೈಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ, ಅದು ಬೇರಿಗೆ ಇನ್ನೂ ಸ್ವಲ್ಪ ಸಿಗುತ್ತದೆ. ದಿನ ಕಳೆದಂತೆ ಇನ್ನಷ್ಟು ಕ್ಯಾಲ್ಸಿಯಂ ಸೇರಿ ಗಟ್ಟಿ ಆಗುತ್ತಾ ಹೋಗುತ್ತದೆ, ಕೊನೆಗೆ ನಮ್ಮ ಹಲ್ಲು ಮೂಳೆಯಲ್ಲಿರುವ ಅಪಟೈಟ್ ಕಡೆಗೆ. ಹಾಕಿದ ವರ್ಷ ಬೆಳೆ ಬಳಸಿಕೊಳ್ಳುವುದು ಸಾಮಾನ್ಯವಾಗಿ ಹಾಕಿದ್ದರಲ್ಲಿ ಐದನೇ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ.

ಹಾಗಂತ ಉಳಿದದ್ದು ಹಾಳಾಗಿ ಹೋಯಿತು ಅಂತಲ್ಲ. ಇದನ್ನು ಒತ್ತಿ ಹೇಳಬೇಕು. ಹಗೇವಿನಲ್ಲಿ ಹಾಕಿದ ಜೋಳದ ಹಾಗೆ ಅದು ನೆಲದೊಳಗೇ ಇರುತ್ತದೆ, ಬೇಕಾದಾಗ ಒಮ್ಮೆಗೇ ಕೈಗೆ ಬರುವುದಿಲ್ಲ ಅಷ್ಟೇ. ಬೇರಿನ ಸುತ್ತಲಿನ ನೀರಿನಲ್ಲಿ ರಂಜಕ ಕಡಿಮೆಯಾದಂತೆ ಹಳೆಯ ದಾಸ್ತಾನಿನಿಂದ ಸ್ವಲ್ಪ ಸ್ವಲ್ಪ ಕರಗಿ ಬರುತ್ತದೆ. ಕೆಳಗಿನ ಹೊಲದ 71 ಅನ್ನುವ ಅಂಕಿ ಆ ದಾಸ್ತಾನಿನ ಗುರುತು.

ಎರಡನೆಯ ದಾರಿ ಇಳಿಜಾರು. ರಂಜಕ ಯೂರಿಯಾದ ಹಾಗೆ ನೀರಿನಲ್ಲಿ ಕರಗಿ ಓಡುವುದಿಲ್ಲ. ಬಿದ್ದ ಜಾಗದಿಂದ ಒಂದೆರಡು ಸೆಂಟಿಮೀಟರ್ ಸರಿದರೆ ಹೆಚ್ಚು. ಆದರೆ ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ, ಮಣ್ಣು ಹೋದರೆ ಜೊತೆಗೆ ಹೋಗುತ್ತದೆ. ಕಾಕಾ ಮೇಲಿನ ಹೊಲದಲ್ಲಿ ಗೊಬ್ಬರವನ್ನು ಮೇಲೆ ಚೆಲ್ಲುತ್ತಿದ್ದರು. ಸಾಲುಗಳು ಇಳಿಜಾರಿನ ಗುಂಟ ಇದ್ದವು, ಹಾಗೆ ಬಿತ್ತಿದರೆ ಟ್ರ್ಯಾಕ್ಟರ್ ತಿರುಗಿಸುವುದು ಸಲೀಸು ಅಂತ. ದೊಡ್ಡ ಮಳೆ ಬಂದಾಗ ರಂಜಕ ಅಂಟಿಕೊಂಡ ಮೇಲ್ಮಣ್ಣು ಸಾಲಿನಲ್ಲಿ ಹರಿದು ಕೆಳಗಿನ ಹೊಲದ ಒಡ್ಡಿಗೆ ಬಂದು ಕೂರುತ್ತಿತ್ತು. ಆ ಮೂಲೆಯಲ್ಲಿ ಒಂದು ಮೊಳ ದಪ್ಪದ ನುಣ್ಣನೆ ಮಣ್ಣು ಶೇಖರ ಆಗಿತ್ತು. ಒಡ್ಡು ಒಡೆದ ವರ್ಷ ಅದೂ ಹಳ್ಳಕ್ಕೆ.

ಹಾಗಾದರೆ ಕೆಳಗಿನ ಹೊಲ ಶ್ರೀಮಂತ ಆಗಿದ್ದು ತನ್ನ ಪಾಲಿನ ಗೊಬ್ಬರದಿಂದ ಮಾತ್ರ ಅಲ್ಲ, ಮೇಲಿನ ಹೊಲದ ಪಾಲೂ ಅದಕ್ಕೆ ಸೇರಿತ್ತು. ಮೇಲಿನದು ಹುಟ್ಟಿನಿಂದ ಬಡ ಹೊಲ ಅಲ್ಲ. ಅದಕ್ಕೆ ಕೊಟ್ಟದ್ದು ಅಲ್ಲಿ ನಿಲ್ಲುತ್ತಿರಲಿಲ್ಲ.

ನಮ್ಮ ಕಾಲೇಜಿನ ಹುಡುಗರಿಗೆ ಇದನ್ನು ಕಣ್ಣಾರೆ ತೋರಿಸಬೇಕು ಅನ್ನಿಸಿತು. ಎರಡೂ ಹೊಲದ ಮಣ್ಣನ್ನು ಪ್ರಯೋಗಾಲಯದಲ್ಲಿ ಆಲ್ಸೆನ್ ವಿಧಾನದಿಂದ ಮತ್ತೆ ನೋಡಿದೆವು. ಸುಣ್ಣ ಇರುವ ಮಣ್ಣಿಗೆ 1954ರಿಂದ ಬಳಕೆಯಲ್ಲಿರುವ ವಿಧಾನ ಇದು. ಎರಡೂವರೆ ಗ್ರಾಂ ಮಣ್ಣಿಗೆ 8.5 ಪಿಎಚ್‌ನ 50 ಮಿಲಿಲೀಟರ್ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ ಹಾಕಿ ಅರ್ಧ ಗಂಟೆ ಅಲುಗಾಡಿಸಬೇಕು. ಸೋಸಿ, ಮಾಲಿಬ್ಡೇಟ್ ಮತ್ತು ಆಸ್ಕಾರ್ಬಿಕ್ ಆಮ್ಲ ಸೇರಿಸಿದರೆ ನೀಲಿ ಬಣ್ಣ ಬರುತ್ತದೆ. ರಂಜಕ ಎಷ್ಟೋ ಅಷ್ಟು ನೀಲಿ. ಕೆಳಗಿನ ಹೊಲದ ನಳಿಕೆ ಕಡು ನೀಲಿ ಆಯಿತು. ಮೇಲಿನದು ತೆಳು, ಬಿಳಿ ಕಾಗದ ಹಿಂದೆ ಹಿಡಿದರೆ ಮಾತ್ರ ಗೊತ್ತಾಗುವಷ್ಟು. ಈ ದ್ರಾವಣದಲ್ಲಿ ಸ್ವಲ್ಪ ಆಂಟಿಮನಿ ಅನ್ನುವ ವಿಷಕಾರಿ ಧಾತು ಇರುತ್ತದೆ, ಹಾಗಾಗಿ ಉಳಿದದ್ದನ್ನು ಸಿಂಕಿಗೆ ಸುರಿಯಬಾರದು. ನಾವು ಎಲ್ಲ ಅಳತೆಯನ್ನೂ ಐದನೇ ಒಂದು ಭಾಗಕ್ಕೆ ಇಳಿಸಿ ಮಾಡಿದೆವು, ತ್ಯಾಜ್ಯವನ್ನು ಬೇರೆ ಬಾಟಲಿಯಲ್ಲಿ ಹಿಡಿದಿಟ್ಟೆವು. ಹಸಿರು ರಸಾಯನಶಾಸ್ತ್ರ ಅಂತ ಪಾಠ ಮಾಡುವಾಗ ಪ್ರಯೋಗಾಲಯದಲ್ಲೂ ಅದು ಕಾಣಬೇಕು ಅಲ್ವಾ?

ಚೀಲದ ಹಿಂದೆ ಏನಿದೆ

1998ರಲ್ಲಿ ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ 12 ಸೂತ್ರಗಳನ್ನು ಮುಂದಿಟ್ಟರು. ಮೊದಲನೆಯದು ಇದು: ತ್ಯಾಜ್ಯ ಆದ ಮೇಲೆ ಶುಚಿ ಮಾಡುವುದಕ್ಕಿಂತ ತ್ಯಾಜ್ಯ ಆಗದಂತೆ ನೋಡಿಕೊಳ್ಳುವುದು ಒಳ್ಳೆಯದು. ಈ ಎಂಟು ಎಕರೆಗೂ ಆ ಸೂತ್ರಕ್ಕೂ ನೇರ ಸಂಬಂಧ ಇದೆ.

ಡಿಎಪಿ ಮಾಡಲು ರಂಜಕದ ಶಿಲೆ ಬೇಕು. ಜಗತ್ತಿನಲ್ಲಿ ಗೊತ್ತಿರುವ ನಿಕ್ಷೇಪದ ಸುಮಾರು 70 ಶೇಕಡಾ ಮೊರಾಕ್ಕೋ ಕಡೆ ಇದೆ. ನಮ್ಮ ದೇಶದಲ್ಲಿ ರಾಜಸ್ಥಾನದ ಉದಯಪುರದ ಹತ್ತಿರ ಝಾಮರಕೋಟ್ರಾದಲ್ಲಿ, ಮಧ್ಯಪ್ರದೇಶದ ಝಾಬುವಾದಲ್ಲಿ ಸ್ವಲ್ಪ ಇದೆ, ಅದು ಸಾಲದು. ಶಿಲೆಯನ್ನೂ ಅದರಿಂದ ತೆಗೆದ ಫಾಸ್ಫಾರಿಕ್ ಆಮ್ಲವನ್ನೂ ತಯಾರಾದ ಡಿಎಪಿಯನ್ನೂ ಹೊರಗಿನಿಂದ ತರಿಸುತ್ತೇವೆ. 2021ರಿಂದ ಚೀನಾ ತನ್ನ ರಫ್ತು ಬಿಗಿ ಮಾಡಿದಾಗ ಅದರ ಬಿಸಿ ಆಳಂದದ ಅಂಗಡಿವರೆಗೂ ಬಂತು.

ಶಿಲೆಗೆ ಗಂಧಕಾಮ್ಲ ಸೇರಿಸಿ ಫಾಸ್ಫಾರಿಕ್ ಆಮ್ಲ ತೆಗೆಯುವಾಗ, ಒಂದು ಟನ್ ಪಿ2ಒ5ಗೆ ಸುಮಾರು ಐದು ಟನ್ ಫಾಸ್ಫೋಜಿಪ್ಸಂ ಉಳಿಯುತ್ತದೆ. ಅದರಲ್ಲಿ ಶಿಲೆಯಿಂದ ಬಂದ ಅಲ್ಪ ಪ್ರಮಾಣದ ಭಾರಲೋಹ, ವಿಕಿರಣ ಧಾತು ಇರುತ್ತವೆ. ಕಾರ್ಖಾನೆ ಪಕ್ಕ ಗುಡ್ಡ ಗುಡ್ಡ ಬೀಳುತ್ತದೆ. ಒಂದು ಚೀಲ ಡಿಎಪಿ ಹಿಂದೆ ನೂರು ಕೆಜಿಗೂ ಮಿಕ್ಕ ಜಿಪ್ಸಂ ಎಲ್ಲೋ ಒಂದು ಕಡೆ ಬಿದ್ದಿರುತ್ತದೆ. ಬೇಕಿಲ್ಲದ ಚೀಲ ಕೊಳ್ಳದೇ ಇದ್ದರೆ ಅಷ್ಟೂ ಹುಟ್ಟುವುದೇ ಇಲ್ಲ.

ಸಿಂಗಲ್ ಸೂಪರ್ ಫಾಸ್ಫೇಟ್, ನಮ್ಮ ಕಡೆ ಬರೀ ಸೂಪರ್ ಅನ್ನುತ್ತಾರೆ, ಇದರ ರಸಾಯನ ಬೇರೆ. ಅಲ್ಲೂ ಶಿಲೆಗೆ ಗಂಧಕಾಮ್ಲವೇ. ಆದರೆ ಹುಟ್ಟಿದ ಜಿಪ್ಸಂ ಗೊಬ್ಬರದೊಳಗೇ ಉಳಿಯುತ್ತದೆ, ಬೇರ್ಪಡಿಸುವುದಿಲ್ಲ. ಅದರಿಂದಲೇ ಸೂಪರ್‌ನಲ್ಲಿ 16 ಶೇಕಡಾ ಪಿ2ಒ5 ಜೊತೆ 11 ಶೇಕಡಾ ಗಂಧಕ ಸಿಗುತ್ತದೆ. ಒಂದು ಕಾರ್ಖಾನೆಯಲ್ಲಿ ಗುಡ್ಡವಾಗಿ ಬಿದ್ದದ್ದು ಇನ್ನೊಂದರಲ್ಲಿ ಬೆಳೆಗೆ ಆಹಾರ. ದ್ವಿದಳಕ್ಕೆ ಗಂಧಕ ಬೇಕೇ ಬೇಕು, ನಮ್ಮ ಎರಡೂ ಹೊಲದಲ್ಲಿ ಅದರ ಕೊರತೆಯೂ ಇತ್ತು. ತೊಂದರೆ ಅಂದರೆ ಅಷ್ಟೇ ರಂಜಕಕ್ಕೆ ಸುಮಾರು ಮೂರು ಪಟ್ಟು ಚೀಲ ಹೊರಬೇಕು. ಎತ್ತಿನ ಬಂಡಿ, ಟ್ರ್ಯಾಕ್ಟರ್, ಕೂಲಿ ಎಲ್ಲ ಅದಕ್ಕೆ ತಕ್ಕಂತೆ. ಅದಕ್ಕೇ ರೈತರು ಡಿಎಪಿ ಇಷ್ಟಪಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಬಿತ್ತನೆ ದಿನ ತೀರ್ಮಾನಿಸಿದ್ದು

ಒಣ ಬೇಸಾಯದ ತೊಗರಿಗೆ ಶಿಫಾರಸು ಹೆಕ್ಟೇರಿಗೆ 25 ಕೆಜಿ ಸಾರಜನಕ, 50 ಕೆಜಿ ಪಿ2ಒ5. ಎಕರೆಗೆ ಲೆಕ್ಕ ಹಾಕಿದರೆ 20 ಕೆಜಿ ಪಿ2ಒ5, ಅಂದರೆ ಒಂದು ಡಿಎಪಿ ಚೀಲಕ್ಕಿಂತ ಸ್ವಲ್ಪ ಕಡಿಮೆ. ಕಾಕಾ ಹಾಕುತ್ತಿದ್ದದ್ದು ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮಣ್ಣಿನಲ್ಲಿ ರಂಜಕ ಹೆಚ್ಚಿದ್ದರೆ ಈ ಶಿಫಾರಸನ್ನೂ ಇಳಿಸಬಹುದು.

ಕೈಯಲ್ಲಿ ಇದ್ದದ್ದು ನಾಲ್ಕು ಚೀಲ ಡಿಎಪಿ. ಅದರಲ್ಲಿ ಮೂರು ಮೇಲಿನ ಹೊಲಕ್ಕೆ ಅಂತ ನಿಶ್ಚಯ ಮಾಡಿದೆವು. ಕೆಳಗಿನ ಹೊಲಕ್ಕೆ ಎಕರೆಗೆ ಒಂದು ಚೀಲ ಸೂಪರ್, ಜೊತೆಗೆ ಇಪ್ಪತ್ತು ಕೆಜಿ ಯೂರಿಯಾ. ಸೂಪರ್ ಅಂಗಡಿಯಲ್ಲಿ ಧಾರಾಳ ಇತ್ತು, ಕೇಳುವವರೇ ಇರಲಿಲ್ಲ.

ಕಾಕಾನಿಗೆ ಧೈರ್ಯ ಬರಲಿಲ್ಲ. "ಬಡ ಹೊಲಕ್ಕ ಡಿಎಪಿ ಸುರದು, ಚಲೋ ಹೊಲಕ್ಕ ಸೂಪರ್ ಹಾಕಂತಿ. ತೊಗರಿ ಕೆಂಪಾಗಿ ನಿಂತ್ರ ಯಾರ್ ಜವಾಬ್ದಾರಿ?"

ಅವರ ಹೆದರಿಕೆ ಸುಳ್ಳಲ್ಲ. ವರ್ಷದ ಅನ್ನ ಅದರ ಮೇಲೆ ನಿಂತಿರುತ್ತದೆ. ಹಾಗಾಗಿ ಕೆಳಗಿನ ಹೊಲದಲ್ಲಿ ಅರ್ಧ ಎಕರೆ ಪಟ್ಟಿಯನ್ನು ಹಳೆಯ ಪದ್ಧತಿಗೇ ಬಿಟ್ಟೆವು, ಎಕರೆಗೆ ಒಂದೂವರೆ ಚೀಲ ಡಿಎಪಿ ಪ್ರಕಾರ. ಸೂಪರ್‌ನಿಂದ ಬರುವ ಗಂಧಕ ಆ ಪಟ್ಟಿಗೆ ತಪ್ಪಬಾರದು ಅಂತ ಎಕರೆಗೆ 30 ಕೆಜಿ ಲೆಕ್ಕದಲ್ಲಿ ಜಿಪ್ಸಂ ಹಾಕಿದೆವು. ಇಲ್ಲದಿದ್ದರೆ ಕೊನೆಗೆ ವ್ಯತ್ಯಾಸ ಬಂದರೆ ಅದು ರಂಜಕದಿಂದಲೋ ಗಂಧಕದಿಂದಲೋ ಹೇಳಲು ಆಗುತ್ತಿರಲಿಲ್ಲ. ಮೇಲಿನ ಹೊಲಕ್ಕೂ ಅದೇ ಪ್ರಕಾರ ಜಿಪ್ಸಂ ಬಿತ್ತು. ಅಲ್ಲಿ ಅರ್ಧ ಎಕರೆಗೆ ಡಿಎಪಿಯನ್ನು ಎಂದಿನಂತೆ ಕೈಯಿಂದ ಚೆಲ್ಲಿ, ಉಳಿದ ಎರಡೂವರೆ ಎಕರೆಗೆ ಅಷ್ಟೇ ಡಿಎಪಿಯನ್ನು ಕೂರಿಗೆಯಲ್ಲಿ ಬೀಜಕ್ಕಿಂತ ಎರಡು ಇಂಚು ಕೆಳಗೆ ಬೀಳುವಂತೆ ಹಾಕಿದೆವು. ಪ್ರಮಾಣ ಒಂದೇ, ಜಾಗ ಮಾತ್ರ ಬೇರೆ.

ಜಾಗದ ಮಾತು ಸಣ್ಣದಲ್ಲ. ರಂಜಕ ತಾನಾಗಿ ಬೇರಿನ ಹತ್ತಿರ ಬರುವುದಿಲ್ಲ, ಬೇರೇ ಅದರ ಹತ್ತಿರ ಹೋಗಬೇಕು. ಮೇಲೆ ಚೆಲ್ಲಿದರೆ ಮೇಲ್ಮಣ್ಣು ಒಣಗಿದ ದಿನ ಬೇರು ಅಲ್ಲಿ ಕೆಲಸ ಮಾಡುವುದೇ ಇಲ್ಲ. ಸಾಲಾಗಿ ಒಂದೆಡೆ ಹಾಕಿದರೆ ಹರಳಿಗೆ ತಾಗುವ ಸುಣ್ಣವೂ ಕಡಿಮೆ. ಆದರೆ ಬೀಜಕ್ಕೆ ತಾಗಿಸಿ ಹಾಕಬಾರದು. ಡಿಎಪಿ ಕರಗುವಾಗ ಅಮೋನಿಯಾ ಬಿಡುತ್ತದೆ, ಎಳೆ ಮೊಳಕೆ ಸುಡುತ್ತದೆ.

ಸತುವಿನ ಸಲ್ಫೇಟನ್ನು ಎಕರೆಗೆ ಆರು ಕೆಜಿಯಂತೆ ಎಂಟೂ ಎಕರೆಗೆ ಕೊಟ್ಟೆವು. ಒಂದು ವಾರ ಮೊದಲೇ, ತಿಪ್ಪೆಗೊಬ್ಬರದ ಜೊತೆ ಬೆರೆಸಿ. ಸತು ಮತ್ತು ಫಾಸ್ಫೇಟ್ ಒಂದೇ ಬುಟ್ಟಿಯಲ್ಲಿ ಕಲಸಿದರೆ ಕರಗದ ಸತುವಿನ ಫಾಸ್ಫೇಟ್ ಆಗಿ ಎರಡೂ ವ್ಯರ್ಥ. ರಂಜಕ ಅತಿಯಾದರೆ ಗಿಡ ಸತು ತೆಗೆದುಕೊಳ್ಳುವುದೂ ಕುಗ್ಗುತ್ತದೆ. ಕೆಳಗಿನ ಹೊಲದಲ್ಲಿ ಎಳೆ ತೊಗರಿ ಹಳದಿಯಾದಾಗಲೆಲ್ಲ ಕಾಕಾ ಇನ್ನೂ ಅರ್ಧ ಚೀಲ ಡಿಎಪಿ ಚೆಲ್ಲುತ್ತಿದ್ದರು. ಅಲ್ಲಿ ಕೊರತೆ ಇದ್ದದ್ದು ಸತುವಿನದು, ಡಿಎಪಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತಿತ್ತು.

ಬೀಜೋಪಚಾರ ಕಾಕಿಯ ಕೈಯಲ್ಲಿ. ಬೆಲ್ಲ ಕುದಿಸಿ ಆರಿಸಿದ ನೀರು, ಟಿಎಸ್-3ಆರ್ ತಳಿಯ ತೊಗರಿ ಬೀಜ, ರೈತ ಸಂಪರ್ಕ ಕೇಂದ್ರದಿಂದ ತಂದ, ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪೊಟ್ಟಣ. ತಟ್ಟಿನ ಮೇಲೆ ಬೀಜ ಹರಡಿ, ಅಂಗೈಯಿಂದ ಒತ್ತದೆ ಬರೀ ಉರುಳಿಸುತ್ತಾ, ಒಂದೊಂದು ಕಾಳಿಗೂ ಕಪ್ಪು ಪುಡಿ ತೆಳ್ಳಗೆ ಹತ್ತುವ ಹಾಗೆ ಮಾಡಿದರು. ಒತ್ತಿದರೆ ಸಿಪ್ಪೆ ಏಳುತ್ತದೆ ಅಂತ ಸೊಸೆಗೂ ತೋರಿಸಿದರು. ನೆರಳಲ್ಲಿ ಒಣಗಿಸಿ ಅದೇ ದಿನ ಬಿತ್ತಿದೆವು. ರಂಜಕ ಕರಗಿಸುವ ಈ ಬ್ಯಾಕ್ಟೀರಿಯಾ ಆಮ್ಲ ಬಿಟ್ಟು ಕ್ಯಾಲ್ಸಿಯಂ ಹಿಡಿದಿಟ್ಟ ರಂಜಕವನ್ನು ಸಡಿಲಿಸುತ್ತದೆ. ಆದರೆ ಸುಣ್ಣ ಜಾಸ್ತಿ ಇರುವ ಮಣ್ಣಿನಲ್ಲಿ ಆ ಆಮ್ಲವನ್ನು ಸುಣ್ಣವೇ ನುಂಗುತ್ತದೆ. ಅಗ್ಗದ ಕೆಲಸ, ಮಾಡಬೇಕು. ಅದೊಂದರಿಂದಲೇ ಗೊಬ್ಬರ ಬಿಡಬಹುದು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಅಂಗಡಿಯಲ್ಲಿ ಯಾರೋ ರಾಕ್ ಫಾಸ್ಫೇಟ್ ಪುಡಿ ಹಾಕಿ, ಅಗ್ಗ ಅಂದಿದ್ದರಂತೆ. ಎರೆ ಹೊಲಕ್ಕೆ ಅದು ದುಡ್ಡು ದಂಡ. ಆ ಪುಡಿ ಕರಗಲು ಹುಳಿ ಮಣ್ಣು ಬೇಕು, ಮಲೆನಾಡಿನಂಥದು. 8ರ ಮೇಲಿನ ಪಿಎಚ್‌ನಲ್ಲಿ ಅದು ಪುಡಿಯಾಗಿಯೇ ಕೂತಿರುತ್ತದೆ. ಕಾಂಪೋಸ್ಟ್ ಗುಂಡಿಯಲ್ಲಿ ಸಗಣಿ, ಕಸದ ಜೊತೆ ಕೊಳೆಸಿದರೆ ಸ್ವಲ್ಪ ಕರಗುತ್ತದೆ, ಆಗ ಬಳಸಬಹುದು.

ಇನ್ನೊಂದು ಬದಲಾವಣೆ ಮೇಲಿನ ಹೊಲದ ಸಾಲು. ಇಳಿಜಾರಿಗೆ ಅಡ್ಡಲಾಗಿ ಬಿತ್ತಿದೆವು. ಟ್ರ್ಯಾಕ್ಟರ್ ಓಡಿಸುವ ಹುಡುಗ ಗೊಣಗಿದ, ಡೀಸೆಲ್ ಜಾಸ್ತಿ ಹೋಗುತ್ತದೆ ಅಂತ ಸ್ವಲ್ಪ ಹೆಚ್ಚು ಬಾಡಿಗೆ ತಗೊಂಡ.

ಸುಗ್ಗಿ

ಆ ವರ್ಷದ ಮಳೆಗಾಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಳೆ ಬಂತು, ಹೂ ಬಿಡುವಾಗ ಎರಡು ಸಲ ಔಷಧಿ ಹೊಡೆಯಬೇಕಾಯಿತು, ಕೆಳಗಿನ ಹೊಲದಲ್ಲಿ ನೀರು ನಿಂತ ಒಂದು ಮೂಲೆಯ ಗಿಡ ಒಣಗಿದವು. ಆ ಮೂಲೆಯನ್ನು ತೂಕದ ಲೆಕ್ಕದಿಂದ ಬಿಟ್ಟಿದ್ದೇವೆ.

ಜನವರಿಯಲ್ಲಿ ರಾಶಿ ಮಾಡುವಾಗ ಪ್ರತಿ ಪಟ್ಟಿಯನ್ನೂ ಬೇರೆ ಬೇರೆ ಒಕ್ಕಿ ತೂಗಿದೆವು. ಇದಕ್ಕೆ ಎಲ್ಲರಿಗಿಂತ ಜಾಸ್ತಿ ಹಟ ಹಿಡಿದವರು ಕಾಕಿ. ಕೆಳಗಿನ ಹೊಲದಲ್ಲಿ ಡಿಎಪಿ ಪಟ್ಟಿಯಿಂದ ಎಕರೆಗೆ 5.1 ಕ್ವಿಂಟಾಲ್ ಲೆಕ್ಕ ಬಂತು, ಸೂಪರ್ ಹಾಕಿದ ಕಡೆ 5. ಇದು ತಕ್ಕಡಿಯ ಏರುಪೇರಿನೊಳಗಿನ ವ್ಯತ್ಯಾಸ. ಅಂದರೆ ಆ ಹೊಲದಲ್ಲಿ ಎಕರೆಗೆ ಹದಿನೈದು ಕೆಜಿ ರಂಜಕ ಕೊಟ್ಟರೂ ಮೂರೂವರೆ ಕೆಜಿ ಕೊಟ್ಟರೂ ತೊಗರಿಗೆ ಒಂದೇ ಆಯಿತು. ಮೇಲಿನ ಹೊಲದಲ್ಲಿ ಚೆಲ್ಲಿದ ಪಟ್ಟಿಗೆ 3.1 ಕ್ವಿಂಟಾಲ್, ಬೀಜದ ಕೆಳಗೆ ಹಾಕಿದ ಕಡೆ 3.7. ಅದರಲ್ಲಿ ಅಡ್ಡ ಸಾಲಿನ ಪಾಲು ಇಲ್ಲ, ಯಾಕೆಂದರೆ ಎರಡೂ ಪಟ್ಟಿ ಅಡ್ಡಲಾಗಿಯೇ ಬಿತ್ತಿದ್ದು. ಗೊಬ್ಬರ ಬಿದ್ದ ಜಾಗದಿಂದಲೇ ಬಂದದ್ದು ಎಕರೆಗೆ ಅರವತ್ತು ಕೆಜಿ. ಆ ಸಾಲಿನ ಬೆಂಬಲ ಬೆಲೆ ಕ್ವಿಂಟಾಲಿಗೆ 7,550 ರೂಪಾಯಿ. ಅರವತ್ತು ಕೆಜಿಗೆ ನಾಲ್ಕೂವರೆ ಸಾವಿರ. ಗೊಬ್ಬರಕ್ಕೆ ಒಂದು ರೂಪಾಯಿ ಹೆಚ್ಚು ಹಾಕದೆ.

ಒಂದು ಹೊಲ, ಒಂದು ವರ್ಷ. ಇಷ್ಟರಿಂದ ಇಡೀ ಜಿಲ್ಲೆಗೆ ಹೀಗೇ ಮಾಡಿ ಅಂತ ಹೇಳಲು ಬರುವುದಿಲ್ಲ. ಈ ಮನೆಗೆ ಸಾಕಾಗುವಷ್ಟು ಗೊತ್ತಾಯಿತು.

ಒಟ್ಟು ಎಂಟು ಎಕರೆಗೆ ಆ ವರ್ಷ ಸುಮಾರು 53 ಕೆಜಿ ರಂಜಕ ಬಿತ್ತು, ಹಿಂದಿನ 120ರ ಅರ್ಧಕ್ಕಿಂತ ಕಡಿಮೆ. ಕಾಳಿನ ಜೊತೆ ಹೊರಗೆ ಹೋದದ್ದು 13 ಕೆಜಿ ಆಸುಪಾಸು. ಈಗಲೂ ಕೊಡುತ್ತಿರುವುದು ತೆಗೆಯುವುದಕ್ಕಿಂತ ಜಾಸ್ತಿಯೇ.

ಆ 13 ಕೆಜಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಬೇಕು. ಕಲಬುರಗಿಯ ದಾಲ್ ಮಿಲ್‌ಗೆ ಹೋಗುತ್ತದೆ. ಅಲ್ಲಿ ಸಿಪ್ಪೆ, ನುಚ್ಚು, ಚುನ್ನಿ ಬೇರೆಯಾಗಿ ದನದ ಮೇವಿಗೆ ಹೋಗುತ್ತದೆ, ದನ ಇದ್ದವರ ತಿಪ್ಪೆಗೆ ಆ ಪಾಲು ಸೇರುತ್ತದೆ. ಬೇಳೆ ಊರೂರಿನ ಅಡುಗೆಮನೆಗೆ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ಇನ್ನೂ ದೂರ ಹೋಗುತ್ತಿದೆ. ತಿಂದ ರಂಜಕದಲ್ಲಿ ಹೆಚ್ಚಿನ ಪಾಲು ಮೂತ್ರ, ಮಲದಲ್ಲಿ ಹೊರಬಂದು ಚರಂಡಿ ಸೇರುತ್ತದೆ, ಅಲ್ಲಿಂದ ಕೆರೆಗೆ. ಹೊಲದಲ್ಲಿ ಬೇಕಾಗಿದ್ದ ರಂಜಕ ಕೆರೆಯಲ್ಲಿ ಪಾಚಿ, ಅಂತರಗಂಗೆ ಬೆಳೆಸುತ್ತದೆ. ಚರಂಡಿ ನೀರಿಗೆ ಮೆಗ್ನೀಸಿಯಂ ಸೇರಿಸಿ, ಸ್ಟ್ರುವೈಟ್ ಅನ್ನುವ ಹರಳಾಗಿ ರಂಜಕವನ್ನು ಮರಳಿ ಪಡೆಯುವ ವಿಧಾನ ಇದೆ, ಕೆಲವು ದೇಶಗಳಲ್ಲಿ ಶುದ್ಧೀಕರಣ ಘಟಕಗಳು ಅದನ್ನು ಗೊಬ್ಬರವಾಗಿ ಮಾರುತ್ತಿವೆ. ನಮ್ಮ ನಗರಗಳೂ ಇದಕ್ಕೆ ಕೈಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಊರಿನವರು ಉಣ್ಣುವ ಬೇಳೆಯ ರಂಜಕಕ್ಕೆ ಮೊರಾಕ್ಕೋದ ಶಿಲೆ ಅಗೆದು, ಉಂಡ ಮೇಲೆ ಅದನ್ನೇ ಕೆರೆಗೆ ಬಿಡುವುದು ಎಷ್ಟು ದಿನ ನಡೆದೀತು?

ಮುಂದಿನ ಸಾಲಿಗೆ

ಬೇಸಿಗೆಯಲ್ಲಿ ಕೆಳಗಿನ ಒಡ್ಡಿನ ಮೂಲೆಯ ನುಣ್ಣನೆ ಮಣ್ಣನ್ನು ಟ್ರ್ಯಾಲಿಯಲ್ಲಿ ಮೇಲಿನ ಹೊಲಕ್ಕೆ ಸಾಗಿಸಿದೆವು. ಒಂದು ಟ್ರ್ಯಾಲಿ ಮೂರು ಟನ್, ಕೆಜಿ ಮಣ್ಣಿಗೆ 400 ಮಿಲಿಗ್ರಾಂ ರಂಜಕ ಅಂತ ಹಿಡಿದರೆ ಟ್ರ್ಯಾಲಿಗೆ ಒಂದು ಕೆಜಿಗಿಂತ ಸ್ವಲ್ಪ ಮೇಲೆ. ಎಂಟೊಂಬತ್ತು ಟ್ರ್ಯಾಲಿಗೆ ಒಂದು ಡಿಎಪಿ ಚೀಲದಷ್ಟು. ರಂಜಕ ಒಂದಕ್ಕೇ ಆದರೆ ಡೀಸೆಲ್ ಖರ್ಚು ಗಿಟ್ಟುವುದಿಲ್ಲ. ಆದರೆ ಮೇಲಿನ ಹೊಲದಲ್ಲಿ ಮಣ್ಣಿನ ಆಳವೇ ಕಡಿಮೆ, ಹಾಕಿದ ಮಣ್ಣು ನೀರನ್ನೂ ಹಿಡಿಯುತ್ತದೆ. ಅದಕ್ಕಾಗಿ ಮಾಡಿದ್ದು. ಜೊತೆಗೆ ಇಳಿಜಾರಿನ ನಡುವೆ ಒಂದು ಸಣ್ಣ ಒಡ್ಡು ಹಾಕಿಸಿದೆವು. ಮಣ್ಣು ಮತ್ತೆ ಕೆಳಗೆ ಬಂದರೆ ಈ ಸಾಗಾಟಕ್ಕೆ ಅರ್ಥ ಇಲ್ಲ.

ಕೆಳಗಿನ ಹೊಲದ ಎರಡು ಎಕರೆಗೆ ಹಿಂಗಾರಿನಲ್ಲಿ ಕಡಲೆ ಹಾಕುವ ಮಾತಾಗಿದೆ. ಕಡಲೆಯ ಬೇರು ಸಾವಯವ ಆಮ್ಲ ಬಿಡುತ್ತದೆ, ಕ್ಯಾಲ್ಸಿಯಂಗೆ ಅಂಟಿದ ರಂಜಕವನ್ನು ಕರಗಿಸಿಕೊಳ್ಳುತ್ತದೆ. ಎರೆ ಹೊಲದ ಹಳೆಯ ದಾಸ್ತಾನು ಖಾಲಿ ಮಾಡಿಸಲು ಅದಕ್ಕಿಂತ ಸರಿಯಾದ ಬೆಳೆ ಇಲ್ಲ. ತೊಗರಿ ಬೇರಿಗೂ ಇಂಥ ಗುಣ ಇದೆ. ಬೀದರ್‌ನಿಂದ ದೂರವಿಲ್ಲದ ಪಟಾಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿ ವಿಜ್ಞಾನಿಗಳು ಸೇರಿ ಮಾಡಿದ ಕೆಲಸ 1990ರಲ್ಲಿ ಪ್ರಕಟವಾಯಿತು. ತೊಗರಿ ಬೇರು ಪಿಸಿಡಿಕ್ ಆಮ್ಲ ಬಿಟ್ಟು ಕಬ್ಬಿಣ ಹಿಡಿದಿಟ್ಟ ರಂಜಕವನ್ನು ಬಿಡಿಸಿಕೊಳ್ಳುತ್ತದೆ ಅಂತ ಅವರು ತೋರಿಸಿದರು. ಆದರೆ ಅದರ ಲಾಭ ಕೆಂಪು ಮಣ್ಣಿನಲ್ಲಿ ಜಾಸ್ತಿ. ನಮ್ಮ ಕಪ್ಪು ಮಣ್ಣಿನಲ್ಲಿ ರಂಜಕ ಹಿಡಿದಿರುವುದು ಕ್ಯಾಲ್ಸಿಯಂ.

ಪಕ್ಕದ ಹೊಲದವರು ರಾಶಿ ದಿನ ಬಂದು ಎರಡೂ ತೂಕ ನೋಡಿ ಹೋಗಿದ್ದರು. ಅವರೂ ಮೇ ತಿಂಗಳಲ್ಲಿ ಮಣ್ಣು ತೆಗೆದರು, ಎತ್ತರಕ್ಕೊಂದು ತಗ್ಗಿಗೊಂದು ಚೀಲ ಮಾಡಿ. ನಮ್ಮ ಹೊಲದ ಮುಂದಿನ ಪರೀಕ್ಷೆ 2027ರಲ್ಲಿ. ಅಲ್ಲಿವರೆಗೆ ಕೆಳಗಿನ ಹೊಲಕ್ಕೆ ಡಿಎಪಿ ಇಲ್ಲ, ಗಂಧಕಕ್ಕಾಗಿ ಎಕರೆಗೆ ಒಂದು ಚೀಲ ಸೂಪರ್ ಸಾಕು. ಮೇಲಿನ ಹೊಲಕ್ಕೆ ಎಕರೆಗೆ ಒಂದು ಚೀಲ ಡಿಎಪಿ, ಬೀಜದ ಕೆಳಗೆ. ಹನ್ನೆರಡು ಚೀಲದ ಬದಲು ಮೂರು. ಪಾಳಿ ಹಚ್ಚಿದರೂ ಮೂರು ಚೀಲ ಹೊಂದಿಸುವುದು ಕಷ್ಟ ಇಲ್ಲ ಅಂತ ಕಾಕಾ ಹೇಳಿದ್ದಾರೆ.